ಮೊಡವೆ ಪ್ಯಾಡ್: ಒರೆಸೋಕಲ್ಲ, ಹಚ್ಚೋಕೆ

ನಾನು ನ್ಯೂಜೆರ್ಸಿಯಿಂದ ಊರಿಗೆ ಹೊರಡುವ ವಾರ ಅಕ್ಕನ ಮನೆಯಿಂದ ವಾಟ್ಸಾಪ್‌ನಲ್ಲಿ ಪಟ್ಟಿ ಬರುತ್ತದೆ. ಬಾದಾಮಿ, ವಿಟಮಿನ್ ಮಾತ್ರೆ, ಭಾವನ ಮಂಡಿಗೆ ಮುಲಾಮು. ಈಚೆಗೆ ಅವಳ ಮಗ ಕೊನೆಯಲ್ಲಿ ತನ್ನದೂ ಒಂದು ಸಾಲು ಸೇರಿಸುತ್ತಾನೆ: ‘ಕೆಂಪು ಡಬ್ಬಿ ಮೊಡವೆ ಪ್ಯಾಡ್, 2.’ ಇಲ್ಲಿ ಯಾವ ಔಷಧಿ ಅಂಗಡಿಗೆ ಹೋದರೂ ಡಾಕ್ಟರ ಚೀಟಿ ಇಲ್ಲದೆ ಸಿಗುವ ಸಾಮಾನು ಅದು. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಳಗೆ ಔಷಧಿಯಲ್ಲಿ ನೆನೆದ ದುಂಡನೆಯ ಪ್ಯಾಡ್‌ಗಳನ್ನು ಇಡ್ಲಿ ತಟ್ಟೆಯಂತೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ.

ಹೋದ ವರ್ಷ ತುಮಕೂರಿನಲ್ಲಿ ಅವನು ಅದನ್ನು ಬಳಸುವುದನ್ನು ಕಣ್ಣಾರೆ ನೋಡಿದೆ. ಬಚ್ಚಲ ಕನ್ನಡಿ ಮುಂದೆ ನಿಂತು, ಒಂದು ಪ್ಯಾಡ್ ತೆಗೆದು, ಪಾತ್ರೆ ತಿಕ್ಕುವ ಹಾಗೆ ಮೂಗು, ಕೆನ್ನೆ, ಹಣೆ ತಿಕ್ಕಿದ. ಆಮೇಲೆ ಪ್ಯಾಡನ್ನು ಟ್ಯೂಬ್‌ಲೈಟಿಗೆ ಹಿಡಿದು, “ನೋಡು ಚಿಕ್ಕಮ್ಮ, ಎಷ್ಟು ಕೊಳೆ ಬಂತು!” ಅಂದ. ಕಂದು ಬಣ್ಣ ಹತ್ತಿತ್ತು, ಸುಳ್ಳಲ್ಲ. ಅದನ್ನು ನೋಡಿ ಸಮಾಧಾನವಾದ ಮೇಲೆ ಸೋಪು ಹಚ್ಚಿ ಮುಖ ತೊಳೆದುಬಿಟ್ಟ. ಸಮುದ್ರ ದಾಟಿ ಬಂದ ಔಷಧಿ ಒಂದೇ ನಿಮಿಷಕ್ಕೆ ಚರಂಡಿ ಸೇರಿತು.

ಪ್ಯಾಡ್ ಬಳಸುವವರಲ್ಲಿ ಮುಕ್ಕಾಲು ಪಾಲು ಜನ ಮಾಡುವ ತಪ್ಪು ಇದೇ ಅಂತ ನನ್ನ ಅಂದಾಜು. ಬಟ್ಟೆಯ ಆಕಾರದಲ್ಲಿದೆ, ಅದಕ್ಕೇ ಒರೆಸುವ ವಸ್ತು ಅಂದುಕೊಳ್ಳುತ್ತಾರೆ. ಆದರೆ ಬಟ್ಟೆ ಇಲ್ಲಿ ಬರೀ ಚಮಚ. ಟಾನಿಕ್ಕನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಂಡಂತೆ ಪ್ಯಾಡಿನಲ್ಲಿ ಔಷಧಿಯನ್ನು ಚರ್ಮಕ್ಕೆ ಹಾಕಿಕೊಳ್ಳುತ್ತೇವೆ. ಅದು ಚರ್ಮದ ಮೇಲೆ ಉಳಿಯಬೇಕು. ಹೊರಗೆ ಬಂದ ಕೊಳೆ ಬೆಳಗಿನ ಸನ್‌ಸ್ಕ್ರೀನ್, ಧೂಳು, ಜಿಡ್ಡು, ಸತ್ತ ಚರ್ಮ. ಮೊಡವೆ ಆಗುವುದು ಅದರಿಂದಲ್ಲ.

ಡಬ್ಬಿಯಲ್ಲಿ ಇರುವುದೇನು

ಅಮೆರಿಕದ ಬಹುಪಾಲು ಮೊಡವೆ ಪ್ಯಾಡ್‌ಗಳಲ್ಲಿ ಇರುವ ಔಷಧಿ ಸ್ಯಾಲಿಸಿಲಿಕ್ ಆಸಿಡ್. ಹೆಸರು ಕೇಳಿ ಗಾಬರಿ ಬೇಡ, ಇದು ನಮ್ಮ ಮನೆಗಳಿಗೆ ಹಳೆಯ ಪರಿಚಯ. ಅಂಗಾಲಿನ ಆಣಿಗೆ ಮೆಡಿಕಲ್ ಶಾಪಿನಿಂದ ತಂದು ಅಂಟಿಸುವ ಪ್ಲಾಸ್ಟರ್ ನೋಡಿದ್ದೀರಲ್ಲ? ಅದರ ನಡುವೆ ಬಿಲ್ಲೆಯಂತೆ ಕೂತಿರುವುದೂ ಇದೇ, ಸುಮಾರು ಶೇಕಡಾ 40ರಷ್ಟು ಗಟ್ಟಿಯಾಗಿ. ಎರಡು ಮೂರು ದಿನ ಬಿಟ್ಟರೆ ಆಣಿ ಬೆಳ್ಳಗೆ ಮೆತ್ತಗಾಗಿ ಎದ್ದು ಬರುತ್ತದೆ. ಪ್ಯಾಡಿನಲ್ಲಿ ಇರುವುದು ಹೆಚ್ಚೆಂದರೆ ಶೇಕಡಾ 2. ಅಲ್ಲಿ ಆಣಿಗೆ ಮಾಡುವ ಕೆಲಸವನ್ನೇ ಇಲ್ಲಿ ಇಪ್ಪತ್ತರಲ್ಲಿ ಒಂದು ಪಾಲಾಗಿ, ಕೂದಲ ಬುಡದ ಸಣ್ಣ ತೂತಿನ ಬಾಯಲ್ಲಿ ಮಾಡುತ್ತದೆ.

ಮೊಡವೆ ಶುರುವಾಗುವುದು ಆ ತೂತಿನಲ್ಲೇ. ಹದಿಹರೆಯದಲ್ಲಿ ಹಾರ್ಮೋನಿನಿಂದ ಜಿಡ್ಡು ಜಾಸ್ತಿ ಸ್ರವಿಸುತ್ತದೆ, ಉದುರಬೇಕಾದ ಸತ್ತ ಚರ್ಮ ಉದುರದೆ ಜಿಡ್ಡಿನೊಂದಿಗೆ ಸೇರಿ ಬಿರಡೆಯಾಗುತ್ತದೆ. ಬಾಯಿ ತೆರೆದಿದ್ದರೆ ಬ್ಲ್ಯಾಕ್‌ಹೆಡ್, ಮುಚ್ಚಿದ್ದರೆ ವೈಟ್‌ಹೆಡ್. ಬ್ಲ್ಯಾಕ್‌ಹೆಡ್ಡಿನ ಕಪ್ಪು ಕೂಡ ಕೊಳೆಯಲ್ಲ, ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಮತ್ತು ಜಿಡ್ಡು ಗಾಳಿಗೆ ತೆರೆದುಕೊಂಡು ಆದ ಬಣ್ಣ. ಬಿರಡೆಯ ಹಿಂದೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಂಡಾಗ ಕೆಂಪು ಗುಳ್ಳೆ, ಕೀವು. ಸ್ಯಾಲಿಸಿಲಿಕ್ ಆಸಿಡ್ ಜಿಡ್ಡಿನಲ್ಲಿ ಕರಗುವಂಥದ್ದು, ಅದರಿಂದ ತೂತಿನೊಳಗೆ ಇಳಿದು ಬಿರಡೆಯನ್ನು ಸಡಿಲ ಮಾಡಬಲ್ಲದು. ತಿಕ್ಕಿದರೆ ಬಿರಡೆ ಬರುವುದಿಲ್ಲ, ಸುತ್ತಲಿನ ಚರ್ಮ ಕೆಂಪಾಗುತ್ತದೆ, ಅಷ್ಟೇ.

ಮೊದಲು, ಅದು ಮೊಡವೆಯೇ ಅಂತ ನೋಡಿ

ಹಗಲು ಬೆಳಕಿನಲ್ಲಿ ಕಿಟಕಿ ಪಕ್ಕ ನಿಂತು ಮುಖ ನೋಡಿಕೊಳ್ಳಿ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಅಲ್ಲೊಂದು ಇಲ್ಲೊಂದು ಸಣ್ಣ ಕೆಂಪು ಗುಳ್ಳೆ ಇದ್ದರೆ ಪ್ಯಾಡ್ ತಂದದ್ದು ಸಾರ್ಥಕ. ಚರ್ಮದಡಿ ಬಟಾಣಿಯಂತೆ ಗಟ್ಟಿಯಾಗಿ ಕೂತು, ಮುಟ್ಟಿದರೆ ನೋಯುವ ಗಂಟುಗಳಿದ್ದರೆ ಡಬ್ಬಿ ತೆರೆಯುವ ಕಷ್ಟವೇ ಬೇಡ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಅಂಥವು ಗುಳಿ ಬೀಳಿಸಿ ಹೋಗುತ್ತವೆ, ಪ್ಯಾಡಿನ ಔಷಧಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಹಣೆಯ ಮೇಲೆ, ಬೆನ್ನ ಮೇಲೆ ಎಲ್ಲವೂ ಒಂದೇ ಅಳತೆಯ ರವೆಯಂಥ ಗುಳ್ಳೆಗಳೆದ್ದು ಬೆವತಾಗ ಕಡಿತ ಬರುತ್ತಿದ್ದರೆ ಅದು ಫಂಗಸ್ಸಿನದ್ದಿರಬಹುದು, ಅದಕ್ಕೆ ಮದ್ದೇ ಬೇರೆ. ಹೆಣ್ಣುಮಕ್ಕಳಿಗೆ ದವಡೆಯ ಅಂಚಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದು, ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲೂ ಹೆಚ್ಚುತ್ತಿದ್ದರೆ ಪಿಸಿಓಎಸ್ (ಹಾರ್ಮೋನು ಏರುಪೇರಾಗುವ ಒಂದು ತೊಂದರೆ) ಇದೆಯೇ ಅಂತ ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ಇನ್ನೊಂದು ನಮ್ಮ ಮನೆಗಳದ್ದೇ ಸಮಸ್ಯೆ: ತಲೆಗೆ ಎಣ್ಣೆ. ಕೂದಲಿನ ಅಂಚಿಗೆ ಸರಿಯಾಗಿ, ಹಣೆಯ ಮೇಲ್ಭಾಗದಲ್ಲೇ ಗುಳ್ಳೆಗಳ ಸಾಲು ಇದ್ದರೆ ಮೊದಲು ಅನುಮಾನಿಸಬೇಕಾದ್ದು ಕೊಬ್ಬರಿ ಎಣ್ಣೆ ಬಾಟಲಿಯನ್ನು. ಎಣ್ಣೆ ಬಿಡಿ ಅಂದರೆ ನಮ್ಮಮ್ಮ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ, ಹಾಗಾಗಿ ಅನ್ನುವುದಿಲ್ಲ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ, ಹಣೆಗೆ ಇಳಿಯದಂತೆ ಬಟ್ಟೆ ಕಟ್ಟಿ, ತೊಳೆದುಬಿಡಿ. ರಾತ್ರಿಯಿಡೀ ಎಣ್ಣೆ ತಲೆಯಲ್ಲಿ ಮಲಗಿ, ಎಣ್ಣೆಯ ದಿಂಬಿಗೆ ಕೆನ್ನೆ ಒತ್ತಿಕೊಂಡು, ಬೆಳಗ್ಗೆ ಪ್ಯಾಡ್ ಹಾಕಿದರೆ ಒಂದು ಕೈಯಲ್ಲಿ ಬೀಗ ಹಾಕಿ ಇನ್ನೊಂದು ಕೈಯಲ್ಲಿ ತೆಗೆದ ಹಾಗೆ.

ಡಬ್ಬಿಯ ಬೆನ್ನು ಓದಿ

ಮುಂಭಾಗದಲ್ಲಿ ‘ಮ್ಯಾಕ್ಸಿಮಮ್’, ‘ರ‍್ಯಾಪಿಡ್’ ಅಂತೆಲ್ಲ ದೊಡ್ಡ ಅಕ್ಷರ. ಅದನ್ನು ಬಿಟ್ಟು ಹಿಂದೆ ತಿರುಗಿಸಿ. ಅಮೆರಿಕದಲ್ಲಿ ಔಷಧಿ ಅಂತ ಮಾರುವ ಪ್ಯಾಡಿನ ಮೇಲೆ ‘ಡ್ರಗ್ ಫ್ಯಾಕ್ಟ್ಸ್’ ಎಂಬ ತಲೆಬರಹದ ಚೌಕಟ್ಟು ಇರಲೇಬೇಕು. ಅದರ ಮೊದಲ ಸಾಲೇ ‘ಆ್ಯಕ್ಟಿವ್ ಇಂಗ್ರೀಡಿಯಂಟ್’, ಅಂದರೆ ಕೆಲಸ ಮಾಡುವ ಔಷಧಿ, ಪಕ್ಕದಲ್ಲಿ ಪ್ರಮಾಣ. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1991ರಲ್ಲಿ ಚೀಟಿ ಇಲ್ಲದ ಮೊಡವೆ ಔಷಧಿಗಳಿಗೆ ನಿಯಮ ಮಾಡಿದಾಗ ಸ್ಯಾಲಿಸಿಲಿಕ್ ಆಸಿಡ್‌ಗೆ ಶೇಕಡಾ 0.5ರಿಂದ 2ರವರೆಗೆ ಮಿತಿ ಹಾಕಿತು. ಮೊಡವೆಯ ಇನ್ನೊಂದು ಔಷಧಿ ಬೆಂಜಾಯಿಲ್ ಪೆರಾಕ್ಸೈಡ್ ಆ ಪಟ್ಟಿಗೆ ಸೇರಿದ್ದು 2010ರಲ್ಲಿ, ಶೇಕಡಾ 2.5ರಿಂದ 10. ಆ ಚೌಕಟ್ಟೇ ಇಲ್ಲದ ಪ್ಯಾಡ್ ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ, ಮೊಡವೆಯ ಔಷಧಿಯಲ್ಲ. ಗ್ಲೈಕೋಲಿಕ್ ಆಸಿಡ್ ಪ್ಯಾಡ್, ವಿಚ್ ಹೇಜಲ್ ಪ್ಯಾಡ್ ಸಾಮಾನ್ಯವಾಗಿ ಈ ಗುಂಪಿನವು. ಈಗ ನಮ್ಮ ಹುಡುಗಿಯರು ಆನ್‌ಲೈನಿನಲ್ಲಿ ತರಿಸುವ ಕೊರಿಯಾದ ಟೋನರ್ ಪ್ಯಾಡ್‌ಗಳದ್ದು ಇನ್ನೊಂದು ಜಾತಿ. ಕೆಲವು ಚೆನ್ನಾಗಿವೆ, ಮುಖಕ್ಕೆ ಹಿತ, ಆದರೆ ಹಲವುಗಳಲ್ಲಿ ಇರುವುದು ಸ್ಯಾಲಿಸಿಲಿಕ್ ಆಸಿಡ್ ಅಲ್ಲ, ಅದಕ್ಕಿಂತ ಮೃದುವಾದ ಬೀಟೈನ್ ಸ್ಯಾಲಿಸಿಲೇಟ್.

ಎರಡನೆಯದಾಗಿ ನೋಡಬೇಕಾದ್ದು ಚೌಕಟ್ಟಿನ ಕೊನೆಯಲ್ಲಿರುವ ‘ಇನ್‌ಆ್ಯಕ್ಟಿವ್’ ಪಟ್ಟಿ, ಅಂದರೆ ಔಷಧಿಯ ಜೊತೆ ಬೆರೆಸಿದ ಉಳಿದ ಸಾಮಾನುಗಳು. ಮೊದಲ ಎರಡು ಮೂರು ಹೆಸರುಗಳಲ್ಲೇ ‘ಆಲ್ಕೋಹಾಲ್ ಡಿನ್ಯಾಟ್’ ಅಥವಾ ‘ಎಸ್‌ಡಿ ಆಲ್ಕೋಹಾಲ್’ ಕಂಡರೆ ವಾಪಸ್ ಇಡಿ. ಅದು ಸ್ಪಿರಿಟ್. ಹಚ್ಚಿದ ಕೂಡಲೇ ತಣ್ಣಗೆ, ಜಿಡ್ಡೆಲ್ಲ ಹೋಗಿ ಮುಖ ಗರಿಗರಿ ಅನಿಸುತ್ತದೆ, ಒಂದು ವಾರದಲ್ಲಿ ಚರ್ಮ ಒಣಗಿ ಬಿರಿಯುತ್ತದೆ. ‘ಸೀಟೈಲ್ ಆಲ್ಕೋಹಾಲ್’ ಅಂತ ಇದ್ದರೆ ಹೆದರಬೇಡಿ, ಹೆಸರು ಒಂದೇ ಆದರೂ ಅದು ಮೇಣದಂಥ ಮೃದುಕಾರಿ. ನನ್ನ ಅಕ್ಕನ ಮಗ ಕೇಳುವ ಕೆಂಪು ಡಬ್ಬಿ ಸ್ಟ್ರೈಡೆಕ್ಸ್. ಅದು ಶೇಕಡಾ 2ರದ್ದು, ಆಲ್ಕೋಹಾಲ್ ಇಲ್ಲದ್ದು. ಆದರೆ ಅದರಲ್ಲಿ ಮೆಂಥಾಲ್ ಇದೆ. ಮುಚ್ಚಳ ತೆಗೆದರೆ ನೋವಿನ ಬಾಮಿನ ಡಬ್ಬಿ ತೆಗೆದ ಹಾಗೆ ಮೂಗಿಗೆ ಹೊಡೆಯುತ್ತದೆ. ಚರ್ಮ ಸೂಕ್ಷ್ಮ ಇರುವವರಿಗೆ ಅದೇ ಕಂಪನಿಯ ಕಡಿಮೆ ಪ್ರಮಾಣದ ಡಬ್ಬಿಗಳೂ ಇವೆ. ಮೊದಲ ಸಲದವರು ಶೇಕಡಾ 2ಕ್ಕೇ ಕೈ ಹಾಕಬೇಕು ಅಂತೇನಿಲ್ಲ.

“ಉರೀತಾ ಇದೆ ಚಿಕ್ಕಮ್ಮ. ಅಂದ್ರೆ ಕೆಲಸ ಮಾಡ್ತಾ ಇದೆ ಅಂತ ತಾನೆ?” ಅಂತ ಒಂದು ರಾತ್ರಿ ಫೋನಿನಲ್ಲಿ ಕೇಳಿದ್ದ. ಇಲ್ಲ ಕಣೋ. ಚುರುಚುರು ಅಂದದ್ದು ಮೆಂಥಾಲ್. ಔಷಧಿ ಕೆಲಸ ಮಾಡುವಾಗ ಸದ್ದು ಮಾಡುವುದಿಲ್ಲ.

ಮೂರು ದಿನದ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕಾದ್ದು ಇದು. 2014ರ ಜೂನ್‌ನಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು: ಸ್ಯಾಲಿಸಿಲಿಕ್ ಆಸಿಡ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಚೀಟಿ ಇಲ್ಲದ ಮೊಡವೆ ಔಷಧಿಗಳಿಂದ ಅಪರೂಪಕ್ಕೆ ಕೆಲವರಿಗೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗಬಹುದು. ಹಾಗಾಗಿ ಹೊಸಬರು ಮೊದಲ ಮೂರು ದಿನ ಒಂದೆರಡು ಗುಳ್ಳೆಗಳ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ ನೋಡಬೇಕು. ದವಡೆಯ ಪಕ್ಕದ ಒಂದು ಜಾಗ ಸಾಕು. ಸ್ವಲ್ಪ ಚುರುಗುಟ್ಟಿ ನಿಂತರೆ ಸರಿ. ಉಸಿರು ಕಟ್ಟಿದಂತಾದರೆ, ಗಂಟಲು ಬಿಗಿದರೆ, ತಲೆ ಸುತ್ತಿ ಬಿದ್ದಂತಾದರೆ, ಕಣ್ಣು, ತುಟಿ, ನಾಲಿಗೆ ಊದಿದರೆ ಅದು ತಡೆದುಕೊಳ್ಳುವ ಸಂಗತಿಯಲ್ಲ, ನೇರ ಆಸ್ಪತ್ರೆಗೆ.

ಆಸ್ಪಿರಿನ್ ಮಾತ್ರೆ ಆಗಿಬರದವರು ಈ ಪ್ಯಾಡಿನ ತಂಟೆಗೇ ಹೋಗಬೇಡಿ, ಎರಡೂ ಒಂದೇ ಬಳಗ. ಬಸುರಿಯರಿಗೆ ಇಷ್ಟು ಕಡಿಮೆ ಪ್ರಮಾಣದ ಸ್ಯಾಲಿಸಿಲಿಕ್ ಆಸಿಡ್ಡನ್ನು ಮುಖದಷ್ಟು ಜಾಗಕ್ಕೆ ಹಚ್ಚಲು ವೈದ್ಯರು ಸಾಮಾನ್ಯವಾಗಿ ಅಡ್ಡಿ ಹೇಳುವುದಿಲ್ಲ. ಆದರೂ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಯೇ ಹಚ್ಚಿ. ಚಿಕ್ಕ ಮಕ್ಕಳಿಗೂ ಹಾಗೆಯೇ, ಕೇಳದೆ ಬೇಡ.

ರಾತ್ರಿಯ ಹತ್ತು ನಿಮಿಷ

ಊಟ ಮುಗಿದು, ಹಲ್ಲುಜ್ಜಿದ ಮೇಲೆ ಶುರು ಮಾಡಿ. ದೇವರ ದೀಪ, ಗ್ಯಾಸ್ ಒಲೆ ಎಲ್ಲ ಆರಿದ ಹೊತ್ತು ಅದು. ಆಲ್ಕೋಹಾಲ್ ಇರುವ ಪ್ಯಾಡ್ ಬೆಂಕಿ ಹತ್ತಿಕೊಳ್ಳುವಂಥದ್ದು, ತಮಾಷೆಯಲ್ಲ.

ಮುಖವನ್ನು ಸಾಧಾರಣ ಫೇಸ್‌ವಾಶ್‌ನಿಂದ, ಬೆರಳ ತುದಿಯಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಬಟ್ಟೆ ಸೋಪು ಬೇಡ, ಸ್ಕ್ರಬ್ ಬೇಡ. ಮೆತ್ತನೆ ಟವೆಲ್ಲಿನಲ್ಲಿ ಒತ್ತಿ ಒತ್ತಿ ನೀರು ತೆಗೆದು ಐದು ನಿಮಿಷ ಬಿಡಿ. ಚರ್ಮ ಪೂರ್ತಿ ಒಣಗಿದ್ದರೆ ಉರಿ ಕಡಿಮೆ. ಈ ಐದು ನಿಮಿಷದಲ್ಲಿ ನಾನು ನಾಳೆಯ ಡಬ್ಬಿಗೆ ತರಕಾರಿ ಹೆಚ್ಚುತ್ತೇನೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಒಮ್ಮೆ ಪ್ಯಾಡ್ ಹಿಡಿದಿದ್ದೆ. ವಿವರ ಬೇಡ. ಕೈ ತೊಳೆದುಕೊಳ್ಳಿ.

ಒಣಗಿದ ಕೈಯಿಂದ ಒಂದೇ ಒಂದು ಪ್ಯಾಡ್ ತೆಗೆದು ಮುಚ್ಚಳ ಬಿಗಿಯಾಗಿ ತಿರುಗಿಸಿ. ಅನೇಕ ಪ್ಯಾಡ್‌ಗಳ ಒಂದು ಮೈ ಒರಟು, ಇನ್ನೊಂದು ನುಣುಪು. ಒರಟು ಮೈಯನ್ನು ತಿಕ್ಕಲೆಂದೇ ಮಾಡಿದ್ದಾರೆ, ನನಗೆ ಅದು ಮುಖಕ್ಕೆ ಬೇಡವೇ ಬೇಡ. ನುಣುಪು ಮೈಯಿಂದ, ಮಗುವಿನ ಕೆನ್ನೆ ಸವರುವಷ್ಟು ಹಗುರವಾಗಿ, ಹಣೆಯಿಂದ ಶುರು ಮಾಡಿ ಮೂಗು, ಕೆನ್ನೆ, ಗದ್ದ ಅಂತ ಒಂದೇ ಸುತ್ತು. ಗುಳ್ಳೆಯ ತಲೆಗಷ್ಟೇ ಚುಕ್ಕೆ ಇಟ್ಟರೆ ಸಾಲದು, ಗುಳ್ಳೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ತಾಗಬೇಕು. ಏಕೆಂದರೆ ಇಂದು ಕಾಣುವ ಗುಳ್ಳೆಯ ಬಿರಡೆ ವಾರಗಳ ಹಿಂದೆಯೇ ಕಟ್ಟಿದ್ದು, ಮುಂದಿನ ತಿಂಗಳ ಗುಳ್ಳೆ ಈಗ ಕಣ್ಣಿಗೆ ಕಾಣದಂತೆ ಕೂತಿದೆ. ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯ ಮಡಿಕೆ, ತುಟಿ, ಗಾಯ ಇವಿಷ್ಟು ಬಿಡಿ. ಕಣ್ಣಿಗೆ ಹೋದರೆ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ.

ಪ್ಯಾಡಿನ ಮೇಲೆ ಬಣ್ಣ ಬಂತೇ ಅಂತ ನೋಡಬೇಡಿ. ಬಂದರೆ ಫೇಸ್‌ವಾಶ್ ಸರಿಯಾಗಿ ಮಾಡಿಲ್ಲ ಅಂತಲೇ ಹೊರತು ಪ್ಯಾಡ್ ಭಾರಿ ಕೆಲಸ ಮಾಡಿತು ಅಂತಲ್ಲ. ಬಳಸಿದ ಪ್ಯಾಡ್ ಕಸದ ಬುಟ್ಟಿಗೆ, ಕಮೋಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಪ್ಯಾಡಿನಲ್ಲಿ ಇನ್ನೂ ಪಸೆ ಉಳಿದಿದ್ದರೆ ಬುಟ್ಟಿಗೆ ಹಾಕುವ ಮುಂಚೆ ಭುಜಕ್ಕೆ, ಬೆನ್ನಿಗೆ ಸವರಿ. ಒರಟು ಮೈ ಅಲ್ಲಿ ಪರವಾಗಿಲ್ಲ, ಬೆನ್ನಿನ ಚರ್ಮ ದಪ್ಪ.

ಈಗ ತೊಳೆಯಬೇಡಿ. ಒಂದೆರಡು ನಿಮಿಷ ಒಣಗಲು ಬಿಟ್ಟು, ಮೇಲೆ ಮಾಯಿಶ್ಚರೈಸರ್ ಹಚ್ಚಿ. ಜಿಡ್ಡು ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಜಿಡ್ಡು ಬೇರೆ, ತೇವ ಬೇರೆ. ಎಣ್ಣೆ ಜಾಸ್ತಿಯಾದ ಸಾರಿಗೂ ನೀರು ಬೇಕಾಗಬಹುದಲ್ಲವೇ. ಡಬ್ಬಿಯ ಮೇಲೆ ‘ನಾನ್ ಕಾಮೆಡೋಜೆನಿಕ್’ (ತೂತು ಮುಚ್ಚಿಸದ್ದು) ಅಂತ ಇರುವ, ವಾಸನೆ ಇಲ್ಲದ ಯಾವುದಾದರೂ ಸಾಕು.

ದಿನಕ್ಕೆ ಎಷ್ಟು ಸಲ

ಲೇಬಲ್ಲಿನಲ್ಲಿ ದಿನಕ್ಕೆ ಒಂದರಿಂದ ಮೂರು ಸಲ ಅಂತ ಇರುತ್ತದೆ, ಒಂದರಿಂದಲೇ ಶುರು ಮಾಡಿ ಅಂತಲೂ ಇರುತ್ತದೆ. ನಾವು ‘ಮೂರು’ ಅಂತಷ್ಟೇ ಓದಿಕೊಳ್ಳುತ್ತೇವೆ. ನಾನೂ ಓದಿದ್ದೆ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಜನವರಿ. ಹೊರಗೆ ಹಿಮ, ಒಳಗೆ ಇಡೀ ದಿನ ಹೀಟರ್, ಗಾಳಿಯಲ್ಲಿ ತೇವ ಅನ್ನುವುದೇ ಇಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಪ್ಯಾಡ್. ಆರನೇ ದಿನಕ್ಕೆ ಮೂಗಿನ ಎರಡೂ ಬದಿ ಬೆಳ್ಳುಳ್ಳಿ ಸಿಪ್ಪೆಯಂತೆ ಚರ್ಮ ಎದ್ದಿತ್ತು. ನಕ್ಕರೆ ಕೆನ್ನೆ ಬಿರಿಯುತ್ತಿತ್ತು, ಮುಖಕ್ಕೆ ಬರೀ ನೀರು ತಾಗಿದರೂ ಉರಿ. ಎರಡು ವಾರ ಎಲ್ಲ ಬಿಟ್ಟು ವ್ಯಾಸಲೀನ್ ಹಚ್ಚಿಕೊಂಡು ಕೂತೆ. ಗುಳ್ಳೆಗಳು ಎಲ್ಲಿದ್ದವೋ ಅಲ್ಲೇ ಇದ್ದವು, ಅವುಗಳ ಸುತ್ತ ಕಪ್ಪು ಕಲೆ ಹೊಸದಾಗಿ ಬಂದಿತ್ತು.

ಆ ಕಲೆಯ ವಿಷಯ ಬಿಡಿಸಿ ಹೇಳಬೇಕು. ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪು ಚರ್ಮಕ್ಕೆ ಒಂದು ಸ್ವಭಾವ ಇದೆ: ಎಲ್ಲಿ ಉರಿಯೂತ ಆಗುತ್ತದೋ ಅಲ್ಲಿ ಬಣ್ಣ ಜಾಸ್ತಿ ಸುರಿದುಬಿಡುತ್ತದೆ. ಮೊಡವೆಯಿಂದಾದ ಉರಿಯೂತ, ಉಗುರಿನಿಂದ ಚಿವುಟಿದ್ದು, ಔಷಧಿ ಜಾಸ್ತಿಯಾಗಿ ಚರ್ಮ ಸುಟ್ಟದ್ದು, ಯಾವುದಾದರೂ ಸರಿ, ಅದು ಭೇದ ಮಾಡುವುದಿಲ್ಲ. ಗುಳ್ಳೆ ಒಂದು ವಾರದಲ್ಲಿ ಬತ್ತುತ್ತದೆ, ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಬಿಳಿ ಚರ್ಮದ ಅಮೆರಿಕನ್ ಹುಡುಗ ದಿನಕ್ಕೆ ಮೂರು ಸಲ ಹಚ್ಚಿ ಸ್ವಲ್ಪ ಕೆಂಪಾಗಿ ಸುಧಾರಿಸಿಕೊಂಡಾನು. ನಮಗೆ ಅದೇ ತಪ್ಪು ದುಬಾರಿ. ಹಾಗಾಗಿ ನನ್ನ ಲೆಕ್ಕ ಹೀಗೆ: ಪರೀಕ್ಷೆಯ ಮೂರು ದಿನ ಕಳೆದ ಮೇಲೆ ಎರಡು ವಾರ ರಾತ್ರಿ ಬಿಟ್ಟು ರಾತ್ರಿ, ಆಮೇಲೆ ದಿನಾ ರಾತ್ರಿ ಒಂದು. ಅಲ್ಲಿಗೇ ನಿಲ್ಲಿಸಿ. ಚರ್ಮ ಏಳತೊಡಗಿದರೆ ಮತ್ತೆ ದಿನ ಬಿಟ್ಟು ದಿನ. ಮಂಗಳೂರು, ಉಡುಪಿ ಕಡೆಯ ಬೆವರು ಹವೆಯಲ್ಲಿ ದಿನಾ ಒಂದನ್ನು ತಡೆದುಕೊಳ್ಳುವ ಚರ್ಮ ರಾಯಚೂರಿನ ಬಿಸಿಗಾಳಿಯಲ್ಲೋ ಬೆಂಗಳೂರಿನ ಡಿಸೆಂಬರಿನಲ್ಲೋ ತಡೆಯದೆ ಹೋಗಬಹುದು. ಋತು ಬದಲಾದಾಗ ಲೆಕ್ಕವೂ ಬದಲಾಗಲಿ.

ಇದೇ ಕಾರಣಕ್ಕೆ ಬೆಳಗ್ಗೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಎರಡು ಬೆರಳುದ್ದ. ಬಿಸಿಲು ತಾಗಿದರೆ ಇರುವ ಕಲೆ ಇನ್ನಷ್ಟು ಕಪ್ಪಾಗುತ್ತದೆ. ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವವರು ಹೆಲ್ಮೆಟ್ಟಿನ ಗದ್ದದ ಪಟ್ಟಿ, ಹಣೆಯ ಸ್ಪಂಜು ವಾರಕ್ಕೊಮ್ಮೆ ತೊಳೆಯಿರಿ. ಬೆವರು, ಬಿಗಿ, ಉಜ್ಜಾಟ ಮೂರೂ ಸೇರಿ ಅಲ್ಲಿ ಗುಳ್ಳೆ ಎಬ್ಬಿಸುತ್ತವೆ.

ಜೊತೆಗೆ ಸೇರಿಸಬಾರದವು

ಪ್ಯಾಡ್ ಶುರು ಮಾಡಿದ ಮೇಲೆ ಮನೆಯಲ್ಲಿ ಎಲ್ಲರೂ ಡಾಕ್ಟರಾಗುತ್ತಾರೆ. ಅತ್ತೆ ನಿಂಬೆರಸ ಅನ್ನುತ್ತಾರೆ, ಗೆಳೆಯ ಟೂತ್‌ಪೇಸ್ಟ್ ಅನ್ನುತ್ತಾನೆ. ಎರಡೂ ಬೇಡ. ನಿಂಬೆರಸವೇ ಒಂದು ಆಸಿಡ್, ಅಳತೆ ಇಲ್ಲದ್ದು. ಕಡಲೆಹಿಟ್ಟಿನಲ್ಲಿ ಮುಖ ತೊಳೆಯುವುದು ತಪ್ಪಲ್ಲ, ಆದರೆ ಒಣಗಿದ ಹಿಟ್ಟನ್ನು ಉಜ್ಜಿ ಉದುರಿಸುವುದು ತಪ್ಪು. ವಾಲ್‌ನಟ್ ಸ್ಕ್ರಬ್ಬಂತೂ ಬಿಸಾಡಿ.

ಥ್ರೆಡಿಂಗ್, ವ್ಯಾಕ್ಸ್ ಮಾಡಿಸಿದ ಜಾಗಕ್ಕೆ ಎರಡು ಮೂರು ದಿನ ಪ್ಯಾಡ್ ತಾಗಿಸಬೇಡಿ. ಗಂಡುಮಕ್ಕಳು ಶೇವ್ ಮಾಡಿದ ಕೂಡಲೇ ಹಚ್ಚಬೇಡಿ, ಬೆಳಗ್ಗೆ ಶೇವ್, ರಾತ್ರಿ ಪ್ಯಾಡ್.

ಬೇರೆ ಮೊಡವೆ ಔಷಧಿ ಆಗಲೇ ಹಚ್ಚುತ್ತಿದ್ದರೆ? ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಬೆಳಗ್ಗೆ, ಪ್ಯಾಡ್ ರಾತ್ರಿ ಅಂತ ಹಂಚಿಕೊಳ್ಳಬಹುದು. ಮುಖ ಉರಿಯತೊಡಗಿದರೆ ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ, ಲೇಬಲ್ಲೂ ಅದನ್ನೇ ಹೇಳುತ್ತದೆ. ಆ ಜೆಲ್ ದಿಂಬಿನ ಕವರು, ಟವೆಲ್ಲಿನ ಬಣ್ಣ ತಿಂದುಹಾಕುತ್ತದೆ ಅನ್ನುವುದನ್ನು ಅಮ್ಮನಿಗೆ ಮೊದಲೇ ತಿಳಿಸಿ. ಅಡಾಪಲೀನ್, ಟ್ರೆಟಿನಾಯಿನ್ ಥರದ ರೆಟಿನಾಯ್ಡ್ (ವಿಟಮಿನ್ ಎ ಬಳಗದ ಔಷಧಿ) ರಾತ್ರಿ ಹಚ್ಚುವವರಿಗೆ ಪ್ಯಾಡ್ ಬೇಕಾಗಿಯೇ ಇಲ್ಲ. ಬಿರಡೆಯ ಕೆಲಸವನ್ನು ಅದು ಇನ್ನೂ ಚೆನ್ನಾಗಿ ಮಾಡುತ್ತದೆ.

ತೊಂಬತ್ತು ಪ್ಯಾಡಿನ ಲೆಕ್ಕ

ದೊಡ್ಡ ಡಬ್ಬಿಯಲ್ಲಿ 90 ಪ್ಯಾಡ್ ಇರುತ್ತವೆ. ರಾತ್ರಿಗೊಂದರಂತೆ ಮೂರು ತಿಂಗಳು. ಮೊಡವೆಯ ಯಾವ ಔಷಧಿಗೂ ನ್ಯಾಯವಾಗಿ ಕೊಡಬೇಕಾದ ಗಡುವೂ ಅಷ್ಟೇ, ಎಂಟರಿಂದ ಹನ್ನೆರಡು ವಾರ. ಒಂದು ಡಬ್ಬಿ ಅಂದರೆ ಒಂದು ಪರೀಕ್ಷೆ. ಎರಡು ಡಬ್ಬಿ ತರಿಸಿಕೊಂಡು ಎರಡು ತಿಂಗಳಲ್ಲಿ ಖಾಲಿ ಮಾಡಿದ್ದ ನನ್ನ ಅಕ್ಕನ ಮಗನಿಗೆ ಈ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಶುರು ಮಾಡುವ ದಿನ ಬಚ್ಚಲಿನ ಅದೇ ದೀಪದಡಿ, ಅದೇ ದೂರದಿಂದ ಮೂರು ಫೋಟೋ ತೆಗೆದಿಡಿ: ಎಡ, ಬಲ, ಎದುರು. ನಾಲ್ಕು ವಾರಕ್ಕೊಮ್ಮೆ ಮತ್ತೆ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ. ಮೊದಲ ಕೆಲವು ವಾರ ಮಾಮೂಲು ಜಾಗದಲ್ಲೇ ಒಂದಷ್ಟು ಗುಳ್ಳೆ ಹೆಚ್ಚಾಗಿ ಎದ್ದರೆ ಕಾಯಬಹುದು. ಎಂದೂ ಏಳದ ಜಾಗದಲ್ಲಿ ಎದ್ದು, ಜೊತೆಗೆ ಕೆಂಪು, ತುರಿಕೆ, ಸಿಪ್ಪೆ ಇದ್ದರೆ ಚರ್ಮಕ್ಕೆ ಒಗ್ಗುತ್ತಿಲ್ಲ ಅಂತ, ನಿಲ್ಲಿಸಿ.

ಇನ್ನೊಂದು ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮೊಡವೆ ಔಷಧಿಗಳ ಸಾಲಿನಲ್ಲಿ ಸ್ಯಾಲಿಸಿಲಿಕ್ ಆಸಿಡ್ ಮುಂದಿನ ಬೆಂಚಿನ ಹುಡುಗನಲ್ಲ. ಅಮೆರಿಕದ ಚರ್ಮವೈದ್ಯರ ಸಂಘ 2024ರಲ್ಲಿ ತನ್ನ ಮೊಡವೆ ಮಾರ್ಗಸೂಚಿ ಪರಿಷ್ಕರಿಸಿದಾಗ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಹಚ್ಚುವ ರೆಟಿನಾಯ್ಡ್‌ಗಳನ್ನು ಬಲವಾಗಿ ಶಿಫಾರಸು ಮಾಡಿತು, ಸ್ಯಾಲಿಸಿಲಿಕ್ ಆಸಿಡ್ಡಿಗೆ ಷರತ್ತಿನ ಶಿಫಾರಸು ಮಾತ್ರ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್ಡಿಗೆ ಪ್ಯಾಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಂಪು, ಕೀವಿನ ಗುಳ್ಳೆ ಜಾಸ್ತಿ ಇದ್ದರೆ ಮೂರು ತಿಂಗಳು ಪ್ಯಾಡಿನ ಮೇಲೆ ಕಳೆಯುವ ಬದಲು ಅಡಾಪಲೀನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅಮೆರಿಕದಲ್ಲಿ ಅದರ ಶೇಕಡಾ 0.1ರ ಜೆಲ್ 2016ರಿಂದ ಚೀಟಿ ಇಲ್ಲದೆಯೇ ಸಿಗುತ್ತಿದೆ. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅದನ್ನು ಮುಟ್ಟಬಾರದು.

ಡಬ್ಬಿ ಇಡುವ ಬಗೆ, ಮುಗಿದ ಮೇಲಿನ ದಾರಿ

ಔಷಧಿ ತಳಕ್ಕೆ ಇಳಿದು ಮೇಲಿನ ಪ್ಯಾಡ್‌ಗಳು ಒಣಗಿರುತ್ತವೆ, ತಳದವು ಸೊರಸೊರ ಸುರಿಯುತ್ತವೆ. ಡಬ್ಬಿ ತಂದ ದಿನ ಮುಚ್ಚಳ ಬಿಗಿಮಾಡಿ ಒಂದು ರಾತ್ರಿ ತಲೆಕೆಳಗೆ ಇಡಿ, ಆಮೇಲೂ ವಾರಕ್ಕೊಮ್ಮೆ ಹೀಗೆ ಮಾಡಿ. ಪೂರ್ತಿ ಒಣಗಿದ್ದಕ್ಕೆ ನೀರು ಚಿಮುಕಿಸಿ ಬಳಸುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ಬಿಸಿಲು ಬೀಳುವ ಕಿಟಕಿ, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಮಕ್ಕಳ ಕೈಗೂ ಸಿಗದಿರಲಿ, ಮೆಂಥಾಲಿನ ವಾಸನೆಗೆ ಪೆಪ್ಪರ್‌ಮಿಂಟ್ ಅಂದುಕೊಂಡು ಬಾಯಿಗಿಟ್ಟಾವು. ಊರಿಗೆ ಒಯ್ಯುವಾಗ ಮುಚ್ಚಳದ ಸುತ್ತ ಟೇಪು ಸುತ್ತಿ, ಜಿಪ್ ಕವರಿಗೆ ಹಾಕಿ ಸೂಟ್‌ಕೇಸಿನಲ್ಲಿಡಿ. ಒಮ್ಮೆ ನನ್ನ ಸೂಟ್‌ಕೇಸಿನಲ್ಲಿ ಸೋರಿ, ಅಕ್ಕನಿಗೆ ತಂದ ಸೀರೆ ತಿಂಗಳಾದರೂ ಅಮೃತಾಂಜನ ಹಚ್ಚಿಕೊಂಡವರ ಥರ ನಾರುತ್ತಿತ್ತು.

ಡಬ್ಬಿ ಮುಗಿದು, ಅಮೆರಿಕದಿಂದ ಬರುವವರು ಯಾರೂ ಇಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಶೇಕಡಾ 2ರ ಸ್ಯಾಲಿಸಿಲಿಕ್ ಆಸಿಡ್ ಸೀರಮ್‌ಗಳು ಈಗ ಬೆಂಗಳೂರು, ಹುಬ್ಬಳ್ಳಿಯಲ್ಲಷ್ಟೇ ಅಲ್ಲ, ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಹತ್ತಿಗೆ ಹಾಕಿ ಪ್ಯಾಡ್ ಮಾಡಿಕೊಳ್ಳುವ ಸರ್ಕಸ್ ಬೇಡ, ಹತ್ತಿಯೇ ಅರ್ಧ ಕುಡಿಯುತ್ತದೆ. ತೊಳೆದ ಬೆರಳಿಂದ ನಾಲ್ಕು ಹನಿ ಹಚ್ಚಿದರೆ ಆಯಿತು. ಮೇಲೆ ಹೇಳಿದ ರಾತ್ರಿಯ ಕ್ರಮವೇ ಇದಕ್ಕೂ. ಫೇಸ್‌ವಾಶ್‌ನಲ್ಲಿ ಸ್ಯಾಲಿಸಿಲಿಕ್ ಇದೆ ಅಂತ ಅದನ್ನು ಪ್ಯಾಡಿಗೆ ಬದಲು ಅಂದುಕೊಳ್ಳಬೇಡಿ, ಅರ್ಧ ನಿಮಿಷದಲ್ಲಿ ತೊಳೆದುಹೋಗುವುದಕ್ಕೂ ರಾತ್ರಿಯಿಡೀ ಉಳಿಯುವುದಕ್ಕೂ ವ್ಯತ್ಯಾಸ ಇದೆ.

ಆದರೆ ಅದೇ ಮೆಡಿಕಲ್ ಶಾಪಿನಲ್ಲಿ “ಮೊಡವೆಗೆ ಏನಾದ್ರೂ ಕೊಡಿ” ಅಂತ ಮಾತ್ರ ಕೇಳಬೇಡಿ. ಕೊಡುವ ಟ್ಯೂಬಿನಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಅಂತ ಏನಾದರೂ ಇದ್ದರೆ ಅದು ಸ್ಟೀರಾಯ್ಡ್. ಭಾರತ ಸರ್ಕಾರ 2018ರಲ್ಲಿ ಇಂಥ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ತಂದು ಚೀಟಿ ಇಲ್ಲದೆ ಮಾರಬಾರದು ಅಂದಿದೆ. ಹಚ್ಚಿದ ವಾರ ಮುಖ ಬೆಳ್ಳಗೆ, ಗುಳ್ಳೆ ಮಾಯ, ಎಲ್ಲರಿಗೂ ಖುಷಿ. ಬಿಟ್ಟ ವಾರ ಮೊದಲಿಗಿಂತ ಎರಡರಷ್ಟು. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣತೊಡಗುತ್ತದೆ, ಕೂದಲು ಬೆಳೆಯುತ್ತದೆ. ಅಂಥ ಕ್ರೀಮು ಆಗಲೇ ಹಚ್ಚುತ್ತಿದ್ದವರು ಅದನ್ನು ತಾವಾಗಿ ಬಿಟ್ಟು ಪ್ಯಾಡ್ ಶುರು ಮಾಡಬಾರದು. ಆ ಚರ್ಮ ಪ್ಯಾಡನ್ನು ತಡೆಯುವುದಿಲ್ಲ, ಬಿಡಿಸುವ ಕ್ರಮ ಚರ್ಮದ ಡಾಕ್ಟರಿಗೆ ಗೊತ್ತು. ಹೋಗುವಾಗ ಟ್ಯೂಬನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೆ ಒಯ್ಯಿರಿ.